ಅರ್ಧ ಮನೆ ಶ್ರುತಿ

ತಂಗಿ ಮತ್ತೆ ಫೋನು ನೋಡಿ ಒಳಗಿಟ್ಟಳು. ಬಸ್ಸಿನಲ್ಲಿ ಅಕ್ಕತಂಗಿಯರ ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ನರ್ಸಮ್ಮನಿಗೆ ಅವರ ಮಾತಿಗೆ ಎಚ್ಚರವಾಯಿತು.

"ಗಾಯನ ತಂಡಕ್ಕೆ ಆಯ್ಕೆಯಾದವರ ಪಟ್ಟಿ ಇನ್ನೂ ಬಂದಿಲ್ಲ ಅಕ್ಕ. ಮೊನ್ನೆ ಹಾಡುವಾಗ ಮೇಲಿನ ಸ್ವರಕ್ಕೆ ಗಂಟಲು ಯಾಕೆ ಕೈಕೊಡ್ತೋ."

"ಗಂಟಲದ್ದೇನೂ ತಪ್ಪಿಲ್ಲ."

"ಒಡೆದ ಮಡಕೆ ಥರ ಹಾಡಿದೆ. ಹಾರ್ಮೋನಿಯಂ ನುಡಿಸಿದ ನಿನ್ನ ಮಾನಾನೂ ಕಳೆದೆ."

"ನೀನು ಹಾಡೋ ಶ್ರುತಿಗಿಂತ ಅರ್ಧ ಮನೆ ಮೇಲಿಟ್ಟು ನುಡಿಸಿದ್ದೆ ಕಣೇ. ಅದಕ್ಕೇ ಸ್ವರ ಎಟುಕಲಿಲ್ಲ."

"ಗಡಿಬಿಡೀಲಾ?"

"ಇಲ್ಲ. ಹೋದ ವರ್ಷ ಆ ತಂಡದವರು ನನ್ನನ್ನ ಬೇಡ ಅಂದಿದ್ರಲ್ಲ. ನೀನು ಸೇರ್ತೀಯಲ್ಲ ಅಂತ ಹೊಟ್ಟೆ ಉರೀತು."

ನರ್ಸಮ್ಮ ಕಣ್ಣು ಮುಚ್ಚಿಕೊಂಡೇ ಕಿವಿಗೊಟ್ಟಳು.

"ಎರಡು ದಿನದಿಂದ ಗಂಟಲಿಗೆ ಒಳ್ಳೇದು ಅಂತ ಬಿಸಿನೀರು ಕುಡಿಸ್ತಿರೋದು ಇದಕ್ಕೇನಾ?"

ಅಕ್ಕ ಫ್ಲಾಸ್ಕಿನ ಮುಚ್ಚಳಕ್ಕೆ ನೀರು ಬಗ್ಗಿಸಿ ಚಾಚಿದಳು.

"ಅವರ ಹತ್ರ ನಾನೇ ಒಪ್ಕೋತೀನಿ. ಇನ್ನೊಂದು ಸಲ ಹಾಡು. ನಾನೇ ನುಡಿಸ್ತೀನಿ."

ಬಸ್ಸು ನಿಂತಿತು. ತಂಗಿ ಎದ್ದಳು.

"ಬೇಡ," ಅಂದು ಇಳಿದುಹೋದಳು.