ಒಗೆಯುವ ಕಲ್ಲಿನ ಅಡಿಯ ಹೆಸರು

ಸತ್ತವರ ದಾಖಲೆ ಕೊಡುವ ಕಿಟಕಿಯ ಮುಂದೆ ಸಾಲು ಅಲುಗಾಡುತ್ತಿರಲಿಲ್ಲ. ಸಾಲಿನಲ್ಲಿದ್ದ ಒಬ್ಬ ದರ್ಜಿಯ ಮುಂದೆ ಅಣ್ಣ ತಂಗಿ ನಿಂತಿದ್ದರು. ಅಣ್ಣನ ಉಗುರ ಸಂದಿಯಲ್ಲಿ ಸಿಮೆಂಟು. ತಂಗಿಯ ಕೈಯಲ್ಲಿ ವಂಶವೃಕ್ಷ ಬರೆದ ದೊಡ್ಡ ಹಾಳೆ, ಅದರಲ್ಲಿ ಅಜ್ಜಿಯ ಜಾಗ ಖಾಲಿ. ದರ್ಜಿ ಮುಖ ಆಚೆ ತಿರುಗಿಸಿದ. ಕಿವಿ ಮಾತ್ರ ಇತ್ತಲೇ ಇತ್ತು.

“ಅಜ್ಜಿ ಸಮಾಧಿ ಕಲ್ಲಿನ ಮೇಲೆ ನಿನ್ನ ಹೆಂಡ್ತಿ ಬಟ್ಟೆ ಒಗೀತಾಳೆ. ನಾಚಿಕೆ ಆಗಲ್ವಾ ಅಣ್ಣ ನಿಂಗೆ?”

“ಅಕ್ಷರ ಕೆಳಗೆ ಮಾಡೇ ಹಾಕಿದೀನಿ. ಅಷ್ಟು ಮರ್ಯಾದೆ ನಂಗೂ ಗೊತ್ತು.”

“ಎಲ್ರೂ ಅಜ್ಜಿ ಅಜ್ಜಿ ಅಂತಲೇ ಕರೆದ್ರು. ಹೆಸರು ಅಂತ ಇದ್ದಿದ್ದು ಆ ಕಲ್ಲಿನ ಮೇಲೊಂದೇ. ನಾನು ಕಚೇರಿ ಕಚೇರಿ ಅಲೀತಿದೀನಿ, ನೀನು ಹನ್ನೆರಡು ವರ್ಷದಿಂದ ಬಾಯಿ ಬಿಟ್ಟಿಲ್ಲ!”

“ರಸ್ತೆ ಅಗಲ ಮಾಡೋವಾಗ ಸಮಾಧಿ ಕಲ್ಲನ್ನೆಲ್ಲ ಲಾರಿಗೆ ತುಂಬ್ತಿದ್ರು. ಆವತ್ತು ನೀನೆಲ್ಲಿದ್ದೆ? ಹೊತ್ತು ತಂದೋನು ನಾನು.”

“ನಮ್ಮಜ್ಜೀದೇ ಅಂತ ಏನು ಗ್ಯಾರಂಟಿ?”

“ಮೂಲೆ ಮುರಿದಿತ್ತು.”

“ಅಲ್ಲಿದ್ದ ಅರ್ಧ ಕಲ್ಲಿಗೆ ಮೂಲೆ ಮುರಿದಿತ್ತು! ಹೆಸರು ಓದಿ ನೋಡಿದ್ಯಾ ಇಲ್ವಾ?”

ಅಣ್ಣ ಉಗುರಿನ ಸಿಮೆಂಟು ಕೆರೆಯತೊಡಗಿದ.

“ನಿನ್ನನ್ನೇ ಕೇಳ್ತಿರೋದು. ಏನಂತ ಬರ್ದಿತ್ತು?”

“ಬೇಕಂತಲೇ ಕೇಳ್ತೀಯಲ್ಲ! ನಿನ್ನನ್ನ ಸ್ಕೂಲಿಗೆ ಕಳಿಸಿದ್ರು, ನನ್ನನ್ನ ಕಲ್ಲು ಹೊರೋಕೆ ಕಳಿಸಿದ್ರು. ಮರ್ತೋಯ್ತಾ?”

ತಂಗಿ ಹಾಳೆಯನ್ನು ಸುರುಳಿ ಸುತ್ತಿದಳು. ಕಿಟಕಿಯೊಳಗಿನಿಂದ “ಮುಂದಿನವರು ಬನ್ನಿ” ಎಂಬ ಕೂಗು ಬಂತು. ಅಣ್ಣ ಅವಳ ತೋಳು ಹಿಡಿದು ಸಾಲಿನಿಂದಾಚೆ ಎಳೆದುಕೊಂಡೇ ಹೊರಟ.

“ನಡಿ, ಹಾರೆ ಮನೇಲೇ ಇದೆ. ಎತ್ತೋನು ನಾನೇ, ಓದೋಳು ನೀನೇ. ಯಾವತ್ತೂ ಅಷ್ಟೇ ತಾನೇ?”