ಬಾವಿಯೊಳಗಿನ ನಾಲ್ಕು ಕೂಗು

ನಾಲ್ಕು ಎಚ್ಚರಿಕೆಗಳನ್ನು ಒಟ್ಟಿಗೆ ಕೂಗಲು ಬಿಟ್ಟರು. ಯಾವುದು ಮೂಲ ಅಂತ ಹೇಳುವ ಒಂದು ಸಾಲನ್ನೂ ಪೈಲಟ್‌ನ ಮುಂದೆ ಇಡಲಿಲ್ಲ. ಆಮೇಲೆ ಸತ್ತವನ ತಲೆಗೇ ತಪ್ಪು ಕಟ್ಟಿದರು. ಥೂ!

ಇದು ಅಮೆರಿಕದ ವಿಚಿಟಾದಲ್ಲಿ ನಮ್ಮ ಪಕ್ಕದ ಮನೆಯ ವರ್ಲೀನ್ ಸ್ಟಕಿಗೆ ಆದದ್ದು. ವಿಮಾನದ ಕಾರ್ಖಾನೆಯಲ್ಲಿ ಕಾಕ್‌ಪಿಟ್ ಎಚ್ಚರಿಕೆಗಳನ್ನು ರೂಪಿಸುವುದು ಅವಳ ಕೆಲಸ. ಹೊಸ ವಿಮಾನವನ್ನು ಪರೀಕ್ಷೆಗೆ ಹಾರಿಸಿದ ಆರಿನ್ ಪೆನ್ನರ್ ಗೋಧಿ ಹೊಲಕ್ಕೆ ಬಿದ್ದು ಸತ್ತಿದ್ದ. ವೇಗ ಅಳೆಯುವ ಕೊಳವೆಯಲ್ಲಿ ಮಂಜುಗಡ್ಡೆ ಕಟ್ಟಿ ತಪ್ಪು ವೇಗ ತೋರಿಸಿತ್ತು, ಅದಕ್ಕೇ ನಾಲ್ಕೂ ಒಟ್ಟಿಗೆ ಕೂಗಿದವು. ಅಷ್ಟೇ. ಊರಾಚೆಯ ಇನ್ನೊಂದು ಕಂಪನಿಯ ವಿಮಾನವಾಗಿದ್ದರೆ ಒಂದೇ ಗಂಟೆ 'ಟಿಣ್' ಎನ್ನುತ್ತಿತ್ತು. ಪರದೆಯಲ್ಲಿ ಮೊದಲು ಕಾರಣ, ಕೆಳಗೆ ಮಾಡಬೇಕಾದ ಕೆಲಸ. ಮಿಕ್ಕವು ಬಾಯಿ ಮುಚ್ಚಿಕೊಂಡಿರುತ್ತಿದ್ದವು. ವರ್ಲೀನ್ ಇದನ್ನೇ ಹೇಳಿದಳು.

"ಅದು ಪೈಲಟ್‌ಗಳನ್ನ ತೊಟ್ಟಿಲಲ್ಲಿ ತೂಗೋ ವಿಮಾನ ಕಣಮ್ಮ," ಅಂದ ಅವಳ ಮೇಲಧಿಕಾರಿ ಗೇಲನ್. "ನಮ್ಮೋರು ಗಂಡಸರು. ಕಿವಿ ಸಾಕು."

"ಆರಿನ್‌ಗೆ ಕಿವಿ ಇರ್ಲಿಲ್ವಾ?"

"ನಾಳೆ ಸಭೇಲಿ ಬಾಯಿ ನೆಟ್ಟಗಿರ್ಲಿ."

ಆ ಸಭೆಯಲ್ಲಿ ಮೇಜಿನ ಸುತ್ತ ಕೂತವರು ಒಬ್ಬೊಬ್ಬರಾಗಿ 'ಹೊರಡಲಿ' ಅನ್ನಬೇಕು. ಎಲ್ಲರೂ ಅಂದರೆ ಅದೇ ವಿಮಾನ ಗಿರಾಕಿಗಳ ಕೈಗೆ. ಒಬ್ಬರು 'ಇಲ್ಲ' ಅಂದರೂ ನಿಂತಿತು.

ಆ ರಾತ್ರಿ ವರ್ಲೀನ್ ನಡೆದೇ ಮನೆಗೆ ಹೊರಟಳು. ಕಾರ್ಖಾನೆಯ ಬೇಲಿ ದಾಟಿದರೆ ಹಳೇ ಹೊಲದ ಬಾವಿ. ಗಾಳಿ ನಿಂತಿತ್ತು...

ಕಟಕಟಕಟಕಟ.

ಅವಳು ನಿಂತಳು. ಅದು ವೇಗ ಮೀರಿತು ಅನ್ನುವ ಸದ್ದು. ಬಾವಿಯೊಳಗಿಂದ... ಹಿಂದೆಯೇ ಗಡಗಡಗಡ, ವೇಗ ಸಾಲದು ಎಂದು ಹಿಡಿಕೆ ನಡುಗುವ ಸದ್ದು. ಎರಡೂ ಒಟ್ಟಿಗೆ! ಮೇಲೆ ಭೋಂ ಎಂದು ಕೊಂಬು. ಕೀಂ ಕೀಂ ಕೀಂ ಎಂದು ಮತ್ತೊಂದು. ಎಲ್ಲ ಅವಳೇ ಆರಿಸಿ ಕೂರಿಸಿದ ಸದ್ದುಗಳು.

ನಾಲ್ಕರ ಅಡಿಯಲ್ಲಿ ಒಂದು ಪಿಸುದನಿ.

"ವರ್ಲೀನ್... ಯಾವುದು ಮೊದಲು?"

ಆರಿನ್‌ನ ದನಿ. ಸಿಟ್ಟಿರಲಿಲ್ಲ. ಕೆಲಸದ ಅವಸರವಿತ್ತು, ಅಷ್ಟೇ.

ಅವಳು ಕಟ್ಟೆ ಹಿಡಿದು ಬಗ್ಗಿದಳು. ಯೋಚಿಸಿದಳು. ಕಟಕಟ... ಗಡಗಡ... ಯೋಚನೆಯೇ ನಿಲ್ಲಲೊಲ್ಲದು.

"ಬೇಗ ಹೇಳು ಮಾರಾಯ್ತಿ... ನೆಲ ಬರ್ತಿದೆ."

"ಗೊತ್ತಾಗ್ತಿಲ್ಲ ಆರಿನ್," ಅಂದಳು. "ನನಗೂ ಗೊತ್ತಾಗ್ತಿಲ್ಲ!"

ತಟಕ್ಕನೆ ಎಲ್ಲ ನಿಂತಿತು.

ಮರುದಿನ ಮೇಜಿನ ಸುತ್ತ ಹೊರಡಲಿ, ಹೊರಡಲಿ, ಹೊರಡಲಿ. ಹಲ್ಲು ಕಿಸಿಯುತ್ತಾ ಅಂದರು. ಅಸಹ್ಯ! ವರ್ಲೀನ್ ಸರದಿ ಬಂತು.

"ಇಲ್ಲ."

"ನಿನಗೇನು ದೆವ್ವ ಹಿಡಿದಿದೆಯಾ?" ಗೇಲನ್ ಕಿರುಚಿದ.

"ಬನ್ನಿ. ನೀವೇ ಕೂತು ಕೇಳಿ, ಯಾವುದು ಮೊದಲು ಅಂತ ಹೇಳಿ."

ಅವನನ್ನು ತರಬೇತಿಯ ನಕಲಿ ಕಾಕ್‌ಪಿಟ್‌ಗೆ ಕರೆದೊಯ್ದಳು. ಹಿಂದಿನ ದಿನದಿಂದ ಅದಕ್ಕೆ ಕರೆಂಟು ಕೊಟ್ಟಿರಲಿಲ್ಲ, ಬಾಗಿಲಿಗೆ ಬೀಗ. ಬೀಗ ತೆಗೆದು, ಕರೆಂಟು ಹಾಕುವ ಮೊದಲೇ ಒಳಗೆ ಹೋದರು. ಒಳಗೆ ಕೊರೆಯುವ ಚಳಿ. ಗೇಲನ್ ಪೈಲಟ್‌ನ ಸೀಟಿನ ಮೇಲೆ ಕೈ ಊರಿದವನು ಸರ್ರನೆ ಹಿಂದೆಗೆದ.

ಸೀಟು ಬೆಚ್ಚಗಿತ್ತು, ಈಗಷ್ಟೇ ಯಾರೋ ಎದ್ದು ಹೋದ ಹಾಗೆ.

ಆಗಿದ್ದೇ ಇದು. ವರ್ಲೀನಳೂ ಮುಟ್ಟಿ ನೋಡಿದ್ದಾಳೆ. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಆದರೆ ಇಂಥ ಮೇಜಿನ ಮುಂದೆ ನಿಮ್ಮನ್ನೂ ಕೂರಿಸುತ್ತಾರೆ. ಆಗ ಪಕ್ಕದವರ ಮುಖ ನೋಡಬೇಡಿ. 'ಇಲ್ಲ' ಅನ್ನಿ. ಗಟ್ಟಿಯಾಗಿ ಅನ್ನಿ.