ದಾನಪ್ಪನ ಗುಳಿಗಿ ನಾ ತರ್ತಿದ್ದೆ

ಅದು ಹಂಗಲ್ಲವ್ವ ಎಸ್ತೇರ, ಸಭ್ಯಾಗ ದೇವರ ಸಾಕ್ಷಿ ಹೇಳೂದು ತಪ್ಪು ಅಂತ ನಾ ಎಲ್ಲಿ ಅಂದೆ, ಸಾಕ್ಷಿ ಹೇಳೂದು ಬ್ಯಾರೆ, ಹೇಳಿದ ಸಾಕ್ಷಿಯೊಳಗ ಹೊಕ್ಕು ಸಂಸಾರ ಮಾಡೂದು ಬ್ಯಾರೆ. ಕೂಡು ಇಲ್ಲಿ. ಮುಂಜಾನಿಂದ ಕನ್ನಡಿ ಮುಂದ ನಿಂತು ಅದನ್ನ ಒಪ್ಪಸಾಕತ್ತೀ, "ನಾನು ಮಾನ್ವಿಯ ಎಸ್ತೇರ, ದೇವರು ನನ್ನ ಬಾಳಿನಾಗ ಮಾಡಿದ ದೊಡ್ಡ ಕೆಲಸ" ಅಂತ, ಕೇಳಿ ಕೇಳಿ ನನಗೂ ಬಾಯಿಪಾಠ ಆಗ್ಯಾದ. ಇನ್ನೇನು ವಿಮಾನ ಹತ್ತಾಕಿ, ಕೊರಿಯಾದ ಮಿಷನ್ ಸಾಲ್ಯಾಗ ಕಲಿತು ಬೋಧಕಿ ಆಗಿ ಬರಾಕಿ, ಆಗವ್ವ, ಬ್ಯಾಡ ಅನ್ನಂಗಿಲ್ಲ. ನಾನೂ ಹೋಗಿದ್ದೆ ಆ ದೇಶಕ್ಕ. ಯಾಕ ಹಂಗ ನೋಡ್ತಿ? ನಿಮ್ಮ ದೊಡ್ಡಪ್ಪ ಹುಟ್ಟಿದಾಗಿಂದ ಕಿರಾಣಿ ಅಂಗಡಿ ಗಲ್ಲಾದ ಮ್ಯಾಲೇ ಕುಂತಾನ ಅಂತ ಮಾಡೀಯೇನು? ನಿಮ್ಮಪ್ಪ ಆಗ ಇನ್ನೂ ಸಾಲಿಗಿ ಹೋಗ್ತಿದ್ದ, ಅಂವಗೂ ಪೂರಾ ಗೊತ್ತಿಲ್ಲ. ನಾನು ಮತ್ತ ದಾನಪ್ಪ ಹೋಗಿದ್ವಿ. ಹೌದು, ಅದೇ ದಾನಪ್ಪ ಪಾಸ್ಟರ್, ನಿಮ್ಮ ಪ್ರಾರ್ಥನಾ ಮಂದಿರದ ಗ್ವಾಡಿಗಿ ಫೋಟೊ ಹಾಕ್ಯಾರಲ್ಲ, ಅಂವ.

ಅಂವ ದೇವದುರ್ಗದ ಕಡಿಯಾಂವ, ಗೂಗಲ್ ಹತ್ತಿರದ ಹಳ್ಳಿ, ಕೃಷ್ಣಾ ದಂಡಿ. ನಮ್ಮವ್ವನ ತವರೂರು ಅದು, ಹಂಗಾಗಿ ಸಣ್ಣಾಗಿಂದ ದೋಸ್ತಿ. ಅಂವಗ ಮೂರ್ಛಿ ಬರ್ತಿತ್ತು, ಫಿಟ್ಸು. ಹತ್ತಿ ಬಿಡಿಸಾಕ ಹೋದ್ರ ಅಲ್ಲೇ ಬಿದ್ದುಬಿಡಾಂವ, ಬಾಯಾಗ ನೊರಿ, ಕೈಕಾಲು ಸೆಟಕೊಳ್ಳೂದು, ಮಂದಿ ಓಡಿ ಬಂದು ಕೈಯಾಗ ಕಬ್ಬಿಣ ಹಿಡಿಸಾವ್ರು, ಉಳ್ಳಾಗಡ್ಡಿ ಮೂಸಿಸಾವ್ರು. ಕಡೀಕ ಅವರವ್ವ ರಾಯಚೂರಿಗಿ ಕರಕೊಂಡು ಹೋಗಿ ದೊಡ್ಡ ಡಾಕ್ಟರಿಗಿ ತೋರಿಸಿದಳು, ಗುಳಿಗಿ ಚಾಲೂ ಆದ್ವು. ಅದೇ ದಿನಗಳಾಗ ಕೇರಿಯವರೆಲ್ಲ ಅಂವನ ಸಲುವಾಗಿ ಉಪವಾಸ ಪ್ರಾರ್ಥನಿಗಿ ಕುಂತ್ರು. ಫಿಟ್ಸ್ ನಿಂತ್ವು. ಯಾವುದರಿಂದ ನಿಂತ್ವು ಅಂತ ಅಂವಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಎರಡರಿಂದನೂ ಅಂತ ನಾ ಅನ್ನಾಂವ, ಎರಡು ಎತ್ತು ಕೂಡಿ ಎಳದ ಬಂಡಿಗಿ ಯಾವ ಎತ್ತಿನಿಂದ ಬಂದಿ ಅಂತ ಯಾರು ಕೇಳ್ತಾರ.

ಆಮ್ಯಾಲ ಕೊರಿಯಾದವ್ರು ಬಂದ್ರು, ಹಳ್ಳಿ ಹುಡುಗರನ್ನ ಆರಿಸಿ ತಮ್ಮ ದೇಶದಾಗ ಬೋಧಕರನ್ನ ಮಾಡಿ ಕಳಸ್ತೀವಿ ಅಂತ. ಕೇರಿ ಮುಂದ ಪೆಂಡಾಲ್ ಹಾಕಿ ಸಭಿ ಮಾಡಿದ್ರು. ಮಾತು ತಿರುಗಿಸಿ ಹೇಳಾಕ ಕರ್ನೂಲ್ ಕಡಿಯಿಂದ ಒಬ್ಬ ಅಣ್ಣನ್ನ ಕರಕೊಂಡು ಬಂದಿದ್ರು. ದಾನಪ್ಪ ಎದ್ದು ನಿಂತ, ಭಾಳ ಸೊಗಸಾಗಿ ಮಾತಾಡಾಂವ, "ನನಗ ಮೂರ್ಛಿ ಬರ್ತಿತ್ತು, ನಮ್ಮ ಮಂದಿ ಪ್ರಾರ್ಥನಿ ಮಾಡಿದ್ರು, ರಾಯಚೂರ ಡಾಕ್ಟರು ಗುಳಿಗಿ ಕೊಟ್ರು, ಈಗ ಆರಾಮ ಅದೀನಿ" ಅಂದ. ಇಷ್ಟೇ ಅಂದದ್ದು. ಆ ಅಣ್ಣ ಪ್ರಾರ್ಥನಿ ತನಕ ಇಂಗ್ಲಿಷ್‌ನಾಗ ಹೇಳಿದ, ಅಷ್ಟೊತ್ತಿಗಿ ಚಪ್ಪಾಳಿ ಬಿತ್ತು, ಬಂದ ಹೆಣ್ಣುಮಕ್ಕಳು ಕಣ್ಣೀರು ಒರಸಿಕೊಂಡ್ರು, ಚಪ್ಪಾಳಿ ನಿಂತ ಮ್ಯಾಲ ಅಂವ ಗುಳಿಗಿ ಬಿಟ್ಟು ಸೀದಾ "ಈಗ ಆರಾಮ ಅದಾನ" ಅಂದುಬಿಟ್ಟ. ನನಗ ಅಷ್ಟಿಷ್ಟು ಇಂಗ್ಲಿಷ್ ತಿಳಿತಿತ್ತು, ನಾ ದಾನಪ್ಪನ ಅಂಗಿ ಜಗ್ಗಿ, "ಲೇ ದಾನ್ಯಾ, ನಿನ್ನ ಗುಳಿಗಿ ಹಾದ್ಯಾಗ ಬಿಟ್ಟ ನೋಡು" ಅಂದೆ. ಅಂವ ನಕ್ಕೋತ, "ಬಿಡಲೇ, ಮುಟ್ಟಬೇಕಾದಲ್ಲಿಗಿ ಮುಟ್ಟೇದ" ಅಂದ. ಹಂಗ ಅಂವನ್ನ ಆರಿಸಿದ್ರು. ನನ್ನ ಯಾಕ ಆರಿಸಿದ್ರು? ಅಂವನ ಬಾಜೂಕ ನಿಂತಿದ್ದೆ, ಅಷ್ಟೇ. ನನ್ನ ಸಾಕ್ಷಿ ಏನಿತ್ತು ಹೇಳು, ಸಣ್ಣಾಂವ ಇದ್ದಾಗ ಅಂಗಡ್ಯಾಗ ಬೆಲ್ಲ ಕದೀತಿದ್ದೆ, ಈಗ ಬಿಟ್ಟೀನಿ ಅಂತ. ಅದಕ್ಕ ಯಾರು ಅಳ್ತಾರ.

ಅಲ್ಲಿ ಥಂಡಿ ಎಂಥದು ಅಂತ ನಿನಗ ಹೋದ ಮ್ಯಾಲೆ ಗೊತ್ತಾಗ್ತದ. ಗುಡ್ಡದ ಮ್ಯಾಲ ಸಾಲಿ, ಸುತ್ತ ಬಿಳಿ ಬಿಳಿ ಹಿಮ, ಬಾಗಲಾ ತಗದ್ರ ಮೂಗು ಉರೀತದ. ಅನ್ನ ಅಂಟಂಟು, ಖಾರ ಮಾತ್ರ ನಮ್ಮ ಕಡಿಯಂಗ, ಅದೊಂದು ಸಮಾಧಾನ. ಮಂದಿ ಒಳ್ಳೇವ್ರು, ಅವರ ಮ್ಯಾಲ ಒಂದು ಮಾತು ನಾ ಆಡಂಗಿಲ್ಲ. ನಸುಕಿನ್ಯಾಗ ಪ್ರಾರ್ಥನಿ, ಹಗಲೆಲ್ಲ ಪಾಠ, ಐತವಾರ ಬಂತಂದ್ರ ದಾನಪ್ಪನ್ನ ಒಂದೊಂದು ಚರ್ಚಿಗಿ ಕರಕೊಂಡು ಹೋಗಿ ಸಾಕ್ಷಿ ಹೇಳಿಸಾವ್ರು. ಹೇಳ್ದಂಗ ಹೇಳ್ದಂಗ ಸಾಕ್ಷಿ ಬೆಳೀತು. ಮೊದಲು ಗುಳಿಗಿ ಮಾತು ಇರಲಿಲ್ಲ, ಆಮ್ಯಾಲ ಗುಳಿಗಿ ಬಂತು, ಆದ್ರ ಹೆಂಗ ಬಂತು, "ನಾನು ಗುಳಿಗಿ ಎಲ್ಲಾ ಒಲ್ಯಾಗ ಹಾಕಿಬಿಟ್ಟೆ, ಅವತ್ತಿನಿಂದ ಮುಟ್ಟಿಲ್ಲ" ಅಂತ. ಹೇಳಿ ಬಂದು ಖೋಲಿಗಿ ಸೇರಿ, ನನಗ ಬೆನ್ನು ಮಾಡಿ ಗುಳಿಗಿ ನುಂಗಾಂವ. ಊರಿಂದ ತಂದದ್ದು ಎಷ್ಟು ದಿನ ಬರ್ತಾವ? ಖಾಲಿ ಆಗಾಕ ಬಂದ್ವು. ಅಂವ ಒಂದನ್ನ ಅರ್ಧ ಮಾಡಿ ನುಂಗಾಕತ್ತಿದ.

ಒಂದು ದಿನ ಊಟಕ್ಕ ಕುಂತಿದ್ವಿ, ಅಂವನ ಬಲಗೈ ತಾನೇ ಝಾಡಿಸಿತು, ಸಾರಿನ ಬೋಗಾಣಿ ಹೋಗಿ ಎದುರಿನಾಂವನ ಮಡಿಲಾಗ ಬಿತ್ತು. ಎಲ್ಲಾರೂ ನಕ್ರು, ದಾನಪ್ಪನೂ ನಕ್ಕ. ನನಗ ನಗಿ ಬರ್ಲಿಲ್ಲ, ಯಾಕಂದ್ರ ಅಂವಗ ಮೊದಲು ಕೈ ಝಾಡಿಸಿ ಆಮ್ಯಾಲ ದೊಡ್ಡದು ಬರ್ತಿತ್ತು, ಅದನ್ನ ನೋಡಿದಾಂವ ಅಲ್ಲಿ ನಾನೊಬ್ಬನೇ. "ವಾರ್ಡನ್ನಿಗಿ ಹೇಳು, ದವಾಖಾನಿಗಿ ಕರಕೊಂಡು ಹೋಗ್ತಾರ" ಅಂದೆ. "ಏನಂತ ಹೇಳ್ಲಿ? ಒಲ್ಯಾಗ ಹಾಕಿದ್ದು ಸುಳ್ಳು ಅಂತ ಹೇಳ್ಲೇನು?" ಅಂದ. "ಹೇಳು, ಜೀವ ಹೋಗೂಕಿಂತ ಮಾನ ಹೋದ್ರ ಹೋಗ್ಲಿ." "ನನ್ನೊಬ್ಬನ ಮಾನ ಅಲ್ಲಲೇ. ನಮ್ಮೂರಾಗ ಇವರ ರೊಕ್ಕದಿಂದ ಪ್ರಾರ್ಥನಾ ಮಂದಿರದ ಗ್ವಾಡಿ ಎದ್ದಾವ, ಛತ್ತು ಬಾಕಿ ಅದ. ನಾ ಸುಳ್ಳಗಾರ ಅಂದ್ರ ಆ ಛತ್ತು ಇವರು ಹಾಕ್ತಾರೇನು? ನಮ್ಮವ್ವ ಮಳ್ಯಾಗ ಕುಂತು ಪ್ರಾರ್ಥನಿ ಮಾಡಬೇಕೇನು?" ಅಂವಗ ನಿದ್ದಿ ಹತ್ತಿದ್ರೂ ನಾ ಅಂವನ ಕೈ ನೋಡ್ಕೋತ ಬೀಳೂದಾತು.

ಕಡೀಕ ನಾ ಲೆಕ್ಕ ಹಾಕಿದೆ, ತ್ಯಾಗ ಗೀಗ ಏನಲ್ಲ, ಲೆಕ್ಕ. ಇಂವ ಇಲ್ಲಿ ಸತ್ರ ಅವರವ್ವಗ ಹೋಗಿ ಹೇಳೂ ಪಾಳಿ ನಂದು. ಗುಳಿಗಿ ಬೇಕು, ರೋಗಿ ಇಂವ ಆಗಂಗಿಲ್ಲ. ಹಂಗಾದ್ರ ರೋಗಿ ನಾನೇ ಆದ್ರ ಆತಲ್ಲ. ಹೋಗಿ ವಾರ್ಡನ್ ಮುಂದ ನಿಂತೆ, "ನನಗ ಮೂರ್ಛಿ ಬರ್ತದ್ರಿ, ಹೇಳಿರ್ಲಿಲ್ಲ, ಗುಳಿಗಿ ತೀರ್ಯಾವ" ಅಂದು ದಾನಪ್ಪನ ಖಾಲಿ ಪಾಕೀಟು ತೋರಿಸಿದೆ. ಏನಂದಿ ಎಸ್ತೇರ, "ಸುಳ್ಳು ಹೇಳಿದ್ರೇನ್ರಿ ದೊಡ್ಡಪ್ಪ" ಅಂದ್ಯಾ? ಹೌದವ್ವ, ಹೇಳಿದೆ, ಮತ್ತ ಬರಾಬರಿ ಹೇಳಿದೆ. ದವಾಖಾನಿಗಿ ಒಯ್ದ್ರು, ತಲಿಗಿ ವೈರ್ ಹಚ್ಚಿ ನೋಡಿದ್ರು, ಏನೂ ಕಾಣ್ಲಿಲ್ಲ, ಕಾಣದಿದ್ರೂ ಇರಬಹುದು ಅಂತ ಆ ಡಾಕ್ಟರೇ ಅಂದು ಒಂದು ಚೀಲ ಗುಳಿಗಿ ಕೊಟ್ರು. ವಾರ್ಡನ್ ಪಾಪ ನನ್ನ ತಲಿ ಮ್ಯಾಲ ಕೈಯಿಟ್ಟು ಅತ್ತ. ಅತ್ತಾಂವನೇ ಮುಂದ ಹೇಳಿದ, ನಿನ್ನ ಇಲ್ಲಿ ಇಟ್ಕೊಳ್ಳೂದು ಜಿಮ್ಮೇದಾರಿ ಕೆಲಸ, ಊರಿಗಿ ಹೋಗು ಅಂತ. ಗುಳಿಗಿ ಚೀಲ ದಾನಪ್ಪನ ಟ್ರಂಕಿನ ತಳಕ್ಕ ಸೇರಿಸಿ ನಾ ವಿಮಾನ ಹತ್ತಿದೆ.

ಊರಿಗಿ ಬಂದ ಮ್ಯಾಲಿನ ಕಾಲ ಕೇಳಬ್ಯಾಡ. ನನಕಿಂತ ಮೊದಲು ಸುದ್ದಿ ಬಂದಿತ್ತು, ಇಂವಗ ಫಿಟ್ಸ್ ಬರ್ತದ, ಇಂವನ ವಿಶ್ವಾಸ ಕಡಿಮಿ, ಅದಕ್ಕ ದೇವರು ತಿರುಗಿ ಕಳಿಸ್ಯಾನ ಅಂತ. ಯಾವ ಸಭ್ಯಾಗೂ ನನಗ ಮಾತಾಡಾಕ ಬಿಡಲಿಲ್ಲ. ರಾಯಚೂರ ಗಂಜ್‌ನಾಗ ಒಂದು ಅಡತಿ ಅಂಗಡಿ ಸೇರಿದೆ, ತೂಕ ಹಿಡಿಯೂ ಕೆಲಸ, ಹತ್ತಿ ಚೀಲದ ಮ್ಯಾಲೇ ನಿದ್ದಿ. ಅಲ್ಲೂ ಮುನೀಮ, "ತೂಕದ ಕಾಟಾದಿಂದ ದೂರ ನಿಂದ್ರೋ, ಬಿದ್ದುಗಿದ್ದೀಯ" ಅನ್ನಾಂವ. ಹೆಣ್ಣು ಕೊಡಾಕ ಎಲ್ಲಾರೂ ಒಲ್ಲೆ ಅಂದ್ರು. ನಿಮ್ಮ ದೊಡ್ಡವ್ವನೊಬ್ಬಾಕಿ ನನ್ನ ನೋಡಾಕ ಬಂದಾಗ ಮುಖಕ್ಕ ಮುಖ ಕೊಟ್ಟು ಕೇಳಿದಳು, "ಖರೇನ ಬರ್ತದೇನ್ರಿ?" ನಾ "ಇಲ್ಲ" ಅಂದೆ. "ಮತ್ತ ಬರ್ತದ ಅಂತ ಯಾಕಂದ್ರಿ?" "ಒಬ್ಬಾಂವನ ಸಲುವಾಗಿ." "ಅಂಥಾ ಗಂಡನ್ನ ಕಟಿಗೊಂಡ್ರ ನನ್ನ ಸಲುವಾಗಿನೂ ಏನಾರ ಹೇಳ್ತೀರಿ ಬಿಡ್ರಿ" ಅಂದಳು. ಇವತ್ತಿಗೂ ಅದನ್ನ ಹೇಳಿ ಹಂಗಸ್ತಾಳ ನೋಡು, ಒಳಗಿಂದ ಕೆಮ್ಮಾಕತ್ತ್ಯಾಳ, ಕೇಳಿಸಿಕೊಂಡಾಳ.

ಹಾಂ, ದಾನಪ್ಪ. ಅಂವ ಕಲಿಕಿ ಮುಗಿಸಿ ಕೋಟು ಹಾಕ್ಕೊಂಡು ಬಂದ. ಊರ ಮಂದಿರಕ್ಕ ಛತ್ತು ಬಿತ್ತು, ರಾಯಚೂರಿನಾಗ ದೊಡ್ಡ ಸಭಿ ಕಟ್ಟಿದ, ಮದುವಿ ಆತು. ಸಾಕ್ಷಿಯೊಳಗ ನಾನೂ ಸೇರಿದ್ದೆ, ಹೆಸರು ಹೇಳ್ತಿರ್ಲಿಲ್ಲ ಅಷ್ಟೇ, "ನನ್ನ ಜೋಡಿ ಬಂದ ಒಬ್ಬ ಸಹೋದರ ಗುಳಿಗಿ ಮ್ಯಾಲ ನಂಬಿಕಿ ಇಟ್ಟ, ಅಂವನ್ನ ತಿರುಗಿ ಕಳಿಸಿದ್ರು, ನಾನು ದೇವರ ಮ್ಯಾಲ ಇಟ್ಟೆ" ಅಂತ. ಅದನ್ನ ಹೇಳಿ ಮರುದಿನ ನನ್ನ ಅಂಗಡಿಗಿ ಬರಾಂವ. ಆಗ ನಾ ಮಾನ್ವ್ಯಾಗ ಸಣ್ಣದೊಂದು ಅಂಗಡಿ ಹಾಕಿದ್ದೆ. ಮೆಡಿಕಲ್ ಅಂಗಡಿ ಮುಂದ ಅಂವ ನಿಲ್ಲಂಗಿಲ್ಲ, ಯಾರಾರ ನೋಡ್ತಾರ. ನಾ ಹೆಂಗೂ ಫಿಟ್ಸಿನಾಂವ ಅಂತ ಊರಿಗೇ ಗೊತ್ತು, ಸಾಮಾನಿಗಿ ರಾಯಚೂರಿಗಿ ಹೋದಾಗ ಅಂವನ ಗುಳಿಗಿ ನನ್ನ ಹೆಸರಿಗಿ ತರ್ತಿದ್ದೆ, ಬ್ಯಾಳಿ ಚೀಲದಾಗಿಟ್ಟು ಕೊಡ್ತಿದ್ದೆ. ಸಿಟ್ಟು ಬರ್ತಿರ್ಲಿಲ್ಲೇನು ಅಂತೀಯಾ? ಬರ್ತಿತ್ತು. ಆದ್ರ ಅಂವ ಗುಳಿಗಿ ನುಂಗಾಕತ್ತಾನ ಅನ್ನೂದು ಗೊತ್ತಿತ್ತಲ್ಲ, ಅಲ್ಲಿತನಕ ನನಗ ಫಿಕರ್ ಇರ್ಲಿಲ್ಲ.

ಫಿಕರ್ ಯಾವಾಗ ಹತ್ತಿತು ಅಂದ್ರ, ಒಮ್ಮೆ ಬಂದಾಂವ ಬ್ಯಾಳಿ ತಗೊಂಡ, ಗುಳಿಗಿ ತಿರುಗಿ ಗಲ್ಲಾದ ಮ್ಯಾಲ ಇಟ್ಟ. "ಇನ್ನ ತರಬ್ಯಾಡಲೇ" ಅಂದ. "ಯಾಕ, ಡಾಕ್ಟರು ಬಿಡು ಅಂದ್ರೇನು?" "ಡಾಕ್ಟರು ಯಾಕ ಅನ್ನಬೇಕು? ನಾ ಆರಾಮ ಆಗಿ ಎಷ್ಟು ವರ್ಷ ಆತು, ಎಲ್ಲಾರಿಗೂ ಗೊತ್ತದ." ನಾ ಅಂವನ ಕಣ್ಣಾಗ ನೋಡಿದೆ, ವ್ಯಾಪಾರದವನಿಗಿ ಎದುರಿನಾಂವ ಸುಳ್ಳು ಹೇಳಾಕತ್ತಾನೋ ಖರೆ ಹೇಳಾಕತ್ತಾನೋ ಮಾರಿ ನೋಡಿದ್ರ ತಿಳೀತದ. ಅಂವ ಸುಳ್ಳು ಹೇಳಾಕತ್ತಿರ್ಲಿಲ್ಲ. ಅಷ್ಟು ವರ್ಷ ಹೇಳಿ ಹೇಳಿ ಅಂವಗ ಒಲ್ಯಾಗ ಗುಳಿಗಿ ಹಾಕಿದ್ದು ಖರೇನ ನಡದಂಗ ನೆನಪಿನಾಗೇ ಕುಂತಿತ್ತು. "ದಾನ್ಯಾ, ಇಷ್ಟು ದಿನ ನನ್ನ ಕೈಯಿಂದ ಒಯ್ದದ್ದು ಏನು ಮತ್ತ?" ಅಂದೆ. ಅಂವ ನನ್ನ ತಲಿ ಮ್ಯಾಲ ಕೈಯಿಟ್ಟು, "ನಿನಗೂ ಆರಾಮ ಆಗ್ತದ ತಮ್ಮಾ, ನಂಬು" ಅಂದು ಎದ್ದು ಹೋದ. ನನ್ನ ಅಂಗಡ್ಯಾಗ, ನನ್ನ ತಲಿ ಮ್ಯಾಲ.

ಆಮ್ಯಾಲ ಒಂದು ಬ್ಯಾಸಿಗ್ಯಾಗ ಗೂಗಲ್ ಕೆಳಗ ಹೊಳ್ಯಾಗ ದೀಕ್ಷಾಸ್ನಾನ ಇಟ್ಟ. ನಾ ಅಂಗಡಿ ಮುಚ್ಚಿ ಹೋದೆ, ಕರದಿರ್ಲಿಲ್ಲ, ಹೋದೆ. ನೀರು ನಡಮಟ. ಮೊಸಳಿ ಇರೂ ಹೊಳಿ ಅದು, ಅದಕ್ಕ ಗಂಡಸರು ಕೋಲು ಹಿಡಕೊಂಡು ಆಚಿ ಮಡುವಿನ ಕಡಿ ನೋಡ್ಕೋತ ನಿಂತಿದ್ರು. ಎಲ್ಲಾರ ಅಂಜಿಕಿ ಆ ಕಡಿ ಇತ್ತು, ನನ್ನ ಕಣ್ಣು ಅಂವನ ಬಲಗೈ ಮ್ಯಾಲ. ಒಬ್ಬ ಮುದುಕಿನ್ನ ನೀರಾಗ ಮುಳುಗಿಸಿ ಎತ್ತಿ ದಂಡಿಗಿ ಕಳಿಸಿದ, ಆಶೀರ್ವಾದಕ್ಕ ಕೈ ಎತ್ತಿದ, ಕೈ ಝಾಡಿಸಿತು. ತಲಿ ಒಂದು ಕಡಿ ತಿರುಗಿತು, ಮೈ ಥರಥರ ನಡುಗಾಕತ್ತಿತು, ಸುತ್ತ ನೀರು ಕುದ್ದಂಗ ಆತು. ದಂಡಿ ಮ್ಯಾಲಿನವ್ರು ಏನು ಮಾಡಿದ್ರು ಗೊತ್ತದೇನು? "ಆತ್ಮ ಇಳಿದದ, ಪಾಸ್ಟರ್ ಮ್ಯಾಲ ಆತ್ಮ ಇಳಿದದ" ಅಂತ ಹಾಡಾಕತ್ತಿದ್ರು, ಡೋಲಕ್ ಜೋರ್ ಮಾಡಿದ್ರು, ಮೊಬೈಲ್ ಎತ್ತಿ ಹಿಡಿದ್ರು. "ಫಿಟ್ಸ್ ಬಂದದ, ಎಳಕೊಳ್ರೀ ಅಂವನ್ನ" ಅಂತ ನಾ ಒದರಿದೆ. ಬಾಜೂಕಿನಾಂವ ನನ್ನ ರಟ್ಟಿ ಹಿಡದು, "ಫಿಟ್ಸ್ ಬರೂದು ನಿಮಗ್ರಿ ಸಾಹುಕಾರ, ಪಾಸ್ಟರಿಗಲ್ಲ, ಸುಮ್ಮ ನಿಂದ್ರಿ" ಅಂದ. ಅಂವನ ತಪ್ಪಲ್ಲ, ಅಂವಗ ಹಂಗೇ ಗೊತ್ತಿತ್ತು. ಕೊಸರಿಕೊಂಡು ಧೋತರ ಸಮೇತ ನೀರಿಗಿ ಬಿದ್ದೆ. ನಾ ಮುಟ್ಟೂದರೊಳಗ ನೀರು ಸುಮ್ಮಾಗಿತ್ತು, ಹಾಡು ಇನ್ನೂ ನಿಂತಿರ್ಲಿಲ್ಲ.

ಮಣ್ಣಿಗಿ ಇಟ್ಟ ಮರುದಿನ ಅಂವನ ಹೆಂಡತಿ ಶಾಂತಮ್ಮ ಕೇಳಿದಳು, "ಎಲ್ಲಾರೂ ಹಾಡಾಕತ್ತಿದ್ರು, ನೀವೊಬ್ಬರೇ ಯಾಕ ಓಡಿದ್ರಿ ಯಣ್ಣ?" ಹೇಳಿದೆ, ಎಲ್ಲಾ ಹೇಳಿದೆ. ಅಷ್ಟು ವರ್ಷ ಅಂವಗ ರೊಟ್ಟಿ ಬಡಿದು ಹಾಕಿದಾಕಿಗಿ ಅದೇನೂ ಗೊತ್ತಿರ್ಲಿಲ್ಲ, ಬ್ಯಾಳಿ ಚೀಲ ಅಕಿ ಬಿಚ್ಚತಿರ್ಲಿಲ್ಲ, ಅಂವನೇ ಬಿಚ್ಚಿ ಕೊಡ್ತಿದ್ದನಂತ. ಅಕಿ ಅಳಲಿಲ್ಲ. "ನನಗೊಂದು ಮಾತು ಹೇಳಿದ್ರ ನಾನೇ ನೀರಾಗ ಅಂವನ ಬಾಜೂಕ ನಿಂತಿರ್ತಿದ್ದೆ" ಅಂದಳು.

ಅದಕ್ಕವ್ವ ಎಸ್ತೇರ, ಹೋಗು, ಕಲಿ, ದೊಡ್ಡ ಬೋಧಕಿ ಆಗು, ವೇದಿಕಿ ಮ್ಯಾಲ ನಿಂತು ಏನು ಬೇಕಾರ ಹೇಳು. ಆದ್ರ ಆ ಖೋಲಿಗಿ ಹೋದ ದಿನಾನೇ ಬಾಜೂಕಿನ ಹಾಸಿಗ್ಯಾಕಿಗಿ ಹೇಳಿಡು, ನಿನಗೆಲ್ಲಿ ನೋಯ್ತದ, ಏನು ನುಂಗ್ತಿ, ಬಿದ್ರ ಹೆಂಗ ಬೀಳ್ತಿ ಅಂತ. ಎಳಕೊಳ್ಳಾವ್ರಿಗಿ ಗೊತ್ತಿರ್ಬೇಕು. ಏಳು ಇನ್ನ, ರೊಟ್ಟಿ ಆರಾಕತ್ತಾವ.